ಹಳೆಯ ಅಂಬಾಸಿಡರ್, ಪದ್ಮಿನಿಗಳಿಗೆ ನೈಲಾನ್ ಟೈರೋ, ರೇಡಿಯಲ್ ಟೈರೋ?

ಹಳೆಯ ಕಾರನ್ನು ಜತನದಿಂದ ಇಟ್ಟುಕೊಂಡವರು ಎಂಜಿನ್ನು, ಬಣ್ಣ, ಸೀಟಿನ ಹೊದಿಕೆ, ಡ್ಯಾಶ್‌ಬೋರ್ಡಿನ ಗುಂಡಿಗಳವರೆಗೆ ಪ್ರತಿಯೊಂದನ್ನೂ ತಿಂಗಳುಗಟ್ಟಲೆ ಯೋಚಿಸಿ ಆರಿಸುತ್ತಾರೆ. ಟೈರಿನ ಸರದಿ ಬಂದಾಗ ಗೊಂದಲ ಶುರುವಾಗುತ್ತದೆ. ಒಬ್ಬ ಮೆಕ್ಯಾನಿಕ್ ‘ಕಂಪನಿಯಿಂದ ಬಂದದ್ದು ನೈಲಾನ್, ಅದನ್ನೇ ಹಾಕಿಸಿ’ ಎನ್ನುತ್ತಾರೆ. ಇನ್ನೊಬ್ಬರು ‘ಈಗ ನೈಲಾನ್ ಯಾರು ಹಾಕಿಸುತ್ತಾರೆ ಸಾರ್, ರೇಡಿಯಲ್ ಹಾಕಿಸಿಬಿಡಿ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕಾರು ಎಲ್ಲಿ ಓಡುತ್ತದೆ, ಅದರ ರಿಮ್ಮುಗಳು ಹೇಗಿವೆ ಎಂದು ಕೇಳದೆ ಕೊಟ್ಟ ಸಲಹೆಯನ್ನು ನಂಬಿ ಐದು ಟೈರಿನ ದುಡ್ಡು ಸುರಿಯಬಾರದು.

ನಮ್ಮ ಅಂಗಡಿಗಳಲ್ಲಿ ನೈಲಾನ್ ಟೈರ್ ಎಂದು ಕರೆಯುವುದು ಬಯಾಸ್ ಪ್ಲೈ ಅಥವಾ ಕ್ರಾಸ್ ಪ್ಲೈ ಟೈರನ್ನು. ನೈಲಾನ್ ಎಂಬುದು ಒಳಗಿನ ದಾರದ ಹೆಸರು. ನಿಜವಾದ ವ್ಯತ್ಯಾಸವಿರುವುದು ಆ ದಾರವನ್ನು ಹಾಸಿದ ಕ್ರಮದಲ್ಲಿ. ಬಯಾಸ್ ಪ್ಲೈ ಟೈರಿನಲ್ಲಿ ದಾರದ ಪದರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ, ಒಂದು ಪದರ ಬಲಕ್ಕೆ ವಾಲಿದರೆ ಮುಂದಿನದು ಎಡಕ್ಕೆ ವಾಲುವಂತೆ, ಒಂದರ ಮೇಲೊಂದು ಕೂತಿರುತ್ತವೆ. ಹೀಗಾಗಿ ನೆಲ ಮುಟ್ಟುವ ಭಾಗವೂ ಪಕ್ಕದ ಗೋಡೆಯೂ ಒಂದೇ ದೇಹವಾಗಿ ವರ್ತಿಸುತ್ತವೆ: ತಿರುವಿನಲ್ಲಿ ಪಕ್ಕ ಬಾಗಿದರೆ ಅದರ ಜೊತೆಗೆ ತಳವೂ ಸೊಟ್ಟಗಾಗುತ್ತದೆ. ರೇಡಿಯಲ್‌ನಲ್ಲಿ ದಾರಗಳು ಎತ್ತಿನ ಬಂಡಿಯ ಚಕ್ರದ ಅರೆಕಾಲುಗಳ ಹಾಗೆ ಅಂಚಿನಿಂದ ಅಂಚಿಗೆ ನೇರವಾಗಿ ಹಾಯುತ್ತವೆ. ಅವುಗಳ ಮೇಲೆ, ಬಂಡಿಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿಯ ಹಾಗೆ, ಉಕ್ಕಿನ ತಂತಿಯ ಅಥವಾ ಗಟ್ಟಿ ದಾರದ ಬೆಲ್ಟ್ ಸುತ್ತಿರುತ್ತದೆ. ಪಕ್ಕದ ಗೋಡೆ ಎಷ್ಟೇ ಬಾಗಿದರೂ ತಳವನ್ನು ಆ ಬೆಲ್ಟ್ ನೆಲಕ್ಕೆ ಸಮನಾಗಿ ಒತ್ತಿ ಹಿಡಿಯುತ್ತದೆ. ಮುಂದೆ ಹೇಳುವ ಗುಣದೋಷಗಳು ಬಹುಪಾಲು ಹುಟ್ಟುವುದು ಈ ಒಂದು ಭೇದದಿಂದ.

ನಿಮ್ಮ ಕಾರಿನಲ್ಲಿ ಈಗ ಯಾವುದಿದೆ ಎಂದು ತಿಳಿಯಲು ಟೈರಿನ ಪಕ್ಕದ ಬರಹ ಓದಿದರೆ ಸಾಕು. 5.90-15 ಎಂಬಂತೆ ಅಂಕಿಗಳ ನಡುವೆ ಬರೀ ಅಡ್ಡಗೆರೆ ಇದ್ದರೆ, ಅಥವಾ ಅಗಲ ಮತ್ತು ರಿಮ್ಮಿನ ಅಳತೆಯ ನಡುವೆ ‘ಡಿ’ ಅಕ್ಷರವಿದ್ದರೆ ಅದು ಬಯಾಸ್ ಪ್ಲೈ. 165/80 ಆರ್ 15 ಎಂದಿದ್ದರೆ ರೇಡಿಯಲ್. ಈ ‘ಆರ್’ ಕಟ್ಟುವ ಕ್ರಮವನ್ನು ಸೂಚಿಸುತ್ತದೆಯೇ ಹೊರತು ವೇಗವನ್ನಲ್ಲ.

ಕಾರು ಹುಟ್ಟಿದಾಗ ಯಾವ ಟೈರ್ ಇತ್ತು ಎಂಬುದೂ ತೂಕದ ಪ್ರಶ್ನೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ರೇಡಿಯಲ್‌ಗೆ ಪೇಟೆಂಟ್ ಪಡೆದು 1949ರಲ್ಲಿ ಅದನ್ನು ‘ಎಕ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1955ರಲ್ಲಿ ಬಂದ ಸಿಟ್ರೊಯೆನ್ ಡಿಎಸ್ ಕಾರು ಹುಟ್ಟಿದ್ದೇ ರೇಡಿಯಲ್ ಮೇಲೆ. ಅಂಥ ಕಾರಿಗೆ ‘ಹಳೆಯ ಕಾರಲ್ಲವೇ’ ಎಂದು ಬಯಾಸ್ ಪ್ಲೈ ಹಾಕಿಸುವುದು ತಪ್ಪಾಗುತ್ತದೆ. ನಮ್ಮ ದೇಶದ ಕಥೆ ಬೇರೆ. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ರೂಪುಗೊಂಡ ಅಂಬಾಸಿಡರ್ 1950ರ ದಶಕದ ಕೊನೆಯಲ್ಲೂ, ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಫಿಯಟ್ 1100ಡಿ 1964ರಲ್ಲೂ ಇಲ್ಲಿನ ರಸ್ತೆಗಿಳಿದವು. ಜೆಕೆ ಟೈರ್ ಕಂಪನಿ ಭಾರತದಲ್ಲಿ ರೇಡಿಯಲ್‌ಗೆ ನಾಂದಿ ಹಾಡಿದ್ದು 1977ರಲ್ಲಿ. ಈ ಎರಡೂ ಕಾರುಗಳ ಸ್ಪ್ರಿಂಗ್, ಸ್ಟೀರಿಂಗ್, ರಿಮ್ ಎಲ್ಲವನ್ನೂ ಬಯಾಸ್ ಪ್ಲೈ ಟೈರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಗಿತ್ತು ಎಂಬುದನ್ನು ಮರೆಯಬಾರದು.

ಮೊದಲು ಕೇಳಿಕೊಳ್ಳಬೇಕಾದದ್ದು

ನಾನು ಐದು ವಿಷಯಗಳನ್ನು ಈ ಕ್ರಮದಲ್ಲೇ ನೋಡುತ್ತೇನೆ. ಕಾರು ಎಲ್ಲಿ, ಎಷ್ಟು ವೇಗದಲ್ಲಿ, ವರ್ಷಕ್ಕೆ ಎಷ್ಟು ದೂರ ಓಡುತ್ತದೆ, ರಿಮ್ಮುಗಳೂ ಮುಂದಿನ ಸಸ್ಪೆನ್ಷನ್ನೂ ಯಾವ ಸ್ಥಿತಿಯಲ್ಲಿವೆ, ಮೂಲ ರೂಪ ನಿಮಗೆ ಎಷ್ಟು ಮುಖ್ಯ, ಸರಿಯಾದ ಅಳತೆಯ, ಹೊಸದಾಗಿ ತಯಾರಾದ ಟೈರ್ ನಿಜವಾಗಿ ಸಿಗುತ್ತದೆಯೇ, ಕೊನೆಗೆ ಖರ್ಚು. ಹೆಚ್ಚಿನವರು ಖರ್ಚಿನಿಂದ ಶುರುಮಾಡಿ ಓಡಾಟದ ಪ್ರಶ್ನೆಗೆ ಬರುವುದೇ ಇಲ್ಲ. ನಾಲ್ಕು ಪ್ರಾಣಗಳು ಅಂಗೈಯಷ್ಟಗಲದ ನಾಲ್ಕು ರಬ್ಬರ್ ತುಂಡುಗಳ ಮೇಲೆ ಕೂತಿರುತ್ತವೆ. ಆದ್ದರಿಂದ ಓಡಾಟವೇ ಮೊದಲನೆಯದಾಗಬೇಕು.

ರಸ್ತೆಯ ಮೇಲೆ

ಬಯಾಸ್ ಪ್ಲೈ ಟೈರಿನ ಅಂಬಾಸಿಡರನ್ನು ಎರಡು ವಾರ ನಿಲ್ಲಿಸಿ ಬೆಳಿಗ್ಗೆ ಹೊರಗೆ ತೆಗೆದರೆ ಮೊದಲ ಮೂರು-ನಾಲ್ಕು ಕಿಲೋಮೀಟರ್ ಸ್ಟೀರಿಂಗಿನಲ್ಲಿ ದಡ್ ದಡ್ ಎಂಬ ಬಡಿತ ಕೇಳಿಸುತ್ತದೆ. ನಿಂತಲ್ಲೇ ಭಾರ ಹೊತ್ತು ನೈಲಾನ್ ದಾರ ಚಪ್ಪಟೆಯಾಗಿರುತ್ತದೆ. ಬಿಸಿಯಾದ ಮೇಲೆ ಮತ್ತೆ ದುಂಡಗಾಗುತ್ತದೆ. ಇದು ದೋಷವೇನಲ್ಲ, ಆ ಟೈರಿನ ಸ್ವಭಾವ. ಹೆದ್ದಾರಿಯಲ್ಲಿ ಅದರ ಇನ್ನೊಂದು ಸ್ವಭಾವ ಕಾಣುತ್ತದೆ: ಡಾಂಬರಿನಲ್ಲಿ ಲಾರಿಗಳು ಒತ್ತಿದ ಗಾಲಿಜಾಡು ಸಿಕ್ಕಿದರೆ ಕಾರು ಅದನ್ನೇ ಹಿಡಿದು ಅತ್ತಿತ್ತ ಎಳೆಯುತ್ತದೆ, ಚಾಲಕ ಸ್ಟೀರಿಂಗನ್ನು ಸಣ್ಣಸಣ್ಣದಾಗಿ ತಿದ್ದುತ್ತಲೇ ಇರಬೇಕಾಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಹೀಗೆ ತಿದ್ದುತ್ತಾ ಹೋದವರ ಭುಜಕ್ಕೆ ಅದರ ನೋವು ಗೊತ್ತು.

ರೇಡಿಯಲ್ ಹಾಕಿದ ಅದೇ ಕಾರು ನೇರ ರಸ್ತೆಯಲ್ಲಿ ನೇರವಾಗಿ ಹೋಗುತ್ತದೆ, ಮಳೆಯಲ್ಲಿ ಹೆಚ್ಚು ಹಿಡಿತ ಕೊಡುತ್ತದೆ, ಕಡಿಮೆ ಬಿಸಿಯಾಗುತ್ತದೆ, ನಿಧಾನವಾಗಿ ಸವೆಯುತ್ತದೆ. ಮುಂದೆಯೂ ಹಿಂದೆಯೂ ಡ್ರಮ್ ಬ್ರೇಕ್ ಇರುವ ಕಾರನ್ನು ಇಂದಿನ ಕಾರುಗಳ ಮಧ್ಯೆ ಓಡಿಸುವವರಿಗೆ, ನಿಲ್ಲುವ ದೂರವನ್ನು ಸ್ವಲ್ಪವಾದರೂ ತಗ್ಗಿಸುವ ಈ ಹಿಡಿತ ದೊಡ್ಡ ಆಸರೆ.

ಹಾಗೆಂದು ಎಲ್ಲವೂ ರೇಡಿಯಲ್ ಪರವಾಗಿಲ್ಲ. ಬಯಾಸ್ ಪ್ಲೈ ಟೈರ್ ತಿರುವಿನಲ್ಲಿ ಜಾರುವ ಮೊದಲು ಸಾಕಷ್ಟು ಮುನ್ಸೂಚನೆ ಕೊಡುತ್ತದೆ: ಕಿರುಚುತ್ತದೆ, ನಿಧಾನವಾಗಿ ಸರಿಯುತ್ತದೆ, ಚಾಲಕನಿಗೆ ಕಾಲು ತೆಗೆಯಲು ಸಮಯವಿರುತ್ತದೆ. ರೇಡಿಯಲ್ ಇನ್ನೂ ಹೆಚ್ಚಿನ ವೇಗದವರೆಗೆ ಹಿಡಿದಿಟ್ಟು, ಬಿಟ್ಟಾಗ ಸ್ವಲ್ಪ ಥಟ್ಟನೆ ಬಿಡುತ್ತದೆ. ಸಣ್ಣ ವೇಗದಲ್ಲಿ ರಸ್ತೆಗುಂಡಿಯ ಚೂಪು ಅಂಚಿಗೆ ಬಡಿದಾಗ ಅದರ ಗಟ್ಟಿ ಬೆಲ್ಟ್ ಪೆಟ್ಟನ್ನು ನೇರವಾಗಿ ಸಸ್ಪೆನ್ಷನ್ನಿಗೆ ದಾಟಿಸುವುದರಿಂದ, ಹಳೆಯ ಕಾರಿನಲ್ಲಿ ‘ಧಡ್’ ಎಂಬ ಸದ್ದು ಹೆಚ್ಚು ಕೇಳಿಸುತ್ತದೆ. ಪಕ್ಕದ ಗೋಡೆ ತೆಳುವಾದ್ದರಿಂದ ಕಲ್ಲಿನ ಅಂಚು ತಗುಲಿದರೆ ಬೇಗ ಸೀಳುತ್ತದೆ. ತೋಟದ ಕಲ್ಲುದಾರಿಯಲ್ಲಿ ಓಡಾಡುವ ಹಳೆಯ ಜೀಪಿಗೆ 6.00-16ರ ಬಯಾಸ್ ಪ್ಲೈ ಇಂದಿಗೂ ಒಳ್ಳೆಯ ಜೊತೆಗಾರ ಎಂದು ನಾನು ನಂಬುವುದು ಇದಕ್ಕಾಗಿಯೇ.

ರಿಮ್ಮಿನ ಮಾತು

ಈ ಭಾಗವನ್ನು ಯಾರೂ ಹಾರಿಸಿ ಓದಬಾರದು. ರೇಡಿಯಲ್ ರಸ್ತೆಯನ್ನು ಹೆಚ್ಚು ಹಿಡಿಯುತ್ತದೆ ಎಂದರೆ ತಿರುವಿನ ಬಲವೆಲ್ಲ ಟೈರಿನಲ್ಲಿ ಕರಗದೆ ರಿಮ್ಮಿಗೆ ದಾಟುತ್ತದೆ ಎಂದೂ ಅರ್ಥ. ನಲವತ್ತು-ಐವತ್ತು ವರ್ಷ ಮಳೆ ಬಿಸಿಲು ಉಂಡ ಉಕ್ಕಿನ ರಿಮ್ಮಿನಲ್ಲಿ, ಬೋಲ್ಟಿನ ತೂತುಗಳ ಸುತ್ತ ಅಥವಾ ನಡುವಿನ ತಟ್ಟೆ ಹೊರಬಳೆಗೆ ಕೂಡುವ ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದ್ದರೆ, ಈವರೆಗೆ ಸುಮ್ಮನಿದ್ದ ಅದು ಬೆಳೆಯಬಹುದು. ಟೈರ್ ಬಿಚ್ಚಿದ ದಿನ ರಿಮ್ಮಿನ ಬಣ್ಣ, ತುಕ್ಕುಗಳನ್ನು ಪೂರ್ತಿ ತೆಗೆಸಿ, ಬಿಸಿಲಿಗೆ ಹಿಡಿದು ನೋಡಿ, ಸಾಧ್ಯವಿದ್ದರೆ ಬಿರುಕಿಗೆ ಬಣ್ಣದ ದ್ರವ ಇಳಿಸಿ ನೋಡುವ ಪರೀಕ್ಷೆ ಮಾಡಿಸಿ. ಬೆಸುಗೆ ಹಾಕಿ ಸರಿಮಾಡಿದ ರಿಮ್ಮನ್ನು ರೇಡಿಯಲ್‌ಗೆ ಬಳಸಬೇಡಿ. ವ್ಹೀಲ್ ಕಪ್ ಪದೇಪದೇ ಕಳಚಿ ಬೀಳತೊಡಗಿದರೆ ರಿಮ್ ಬಾಗುತ್ತಿದೆ ಎಂದು ಅನುಮಾನಿಸಿ.

ಎರಡನೆಯದು ಟ್ಯೂಬ್. ಇಂದಿನ ಟ್ಯೂಬ್‌ಲೆಸ್ ಟೈರ್‌ಗಳಿಗಾಗಿ ಮಾಡಿದ ರಿಮ್ಮಿನ ಒಳಗೆ ಟೈರಿನ ಅಂಚು ಸರಿಯದಂತೆ ತಡೆಯುವ ಸಣ್ಣ ಉಬ್ಬು ಇರುತ್ತದೆ. ಹಳೆಯ ರಿಮ್ಮುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಉಬ್ಬಿಲ್ಲದ ರಿಮ್ಮಿಗೆ ಟ್ಯೂಬ್‌ಲೆಸ್ ರೇಡಿಯಲ್ ಹಾಕಿದರೂ ಒಳಗೆ ಟ್ಯೂಬ್ ಇರಲೇಬೇಕು, ಅದೂ ರೇಡಿಯಲ್‌ಗೆ ಹೊಂದುವ ಟ್ಯೂಬ್ ಆಗಿರಬೇಕು. ಟೈರಿನ ಒಳಮೈ ಮೇಲೆ ಅಂಟಿಸಿದ ಕಾಗದದ ಚೀಟಿಗಳನ್ನು ಕಿತ್ತು, ಒಳಗೆ ಕೈಯಾಡಿಸಿ ಗೆರೆಗಳೇನಾದರೂ ಒತ್ತುತ್ತವೆಯೇ ಎಂದು ನೋಡಿ, ಟಾಲ್ಕ್ ಪುಡಿ ಸವರಿ ಟ್ಯೂಬ್ ಕೂರಿಸಬೇಕು. ಒಂದು ಚೀಟಿಯ ಅಂಚು ಸಾವಿರಾರು ಸುತ್ತು ಉಜ್ಜಿ ಟ್ಯೂಬನ್ನು ತೂತು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಸ್ಪೆನ್ಷನ್ನಿನಲ್ಲಿ ಸವೆದ ಬುಶ್ (ಕೀಲುಗಳ ಒಳಪದರ), ಸಡಿಲವಾಗಿ ಆಡುವ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತುದಿಗಳಿದ್ದರೆ ಮೊದಲು ಅವನ್ನು ಬದಲಿಸಿ. ಟೈರ್ ಬದಲಾದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಹೊಸದಾಗಿ ಮಾಡಿಸಬೇಕು; ಬಯಾಸ್ ಪ್ಲೈಗೆ ಮುಂದಿನ ಚಕ್ರಗಳ ಒಳವಾಲು (ಟೋ-ಇನ್, ಅಂದರೆ ಚಕ್ರಗಳ ಮುಂತುದಿಗಳು ಒಳಕ್ಕೆ ತಿರುಗಿರುವ ಅಳತೆ) ಸುಮಾರು 3 ಮಿಲಿಮೀಟರ್ ಇಟ್ಟಿದ್ದರೆ ರೇಡಿಯಲ್‌ಗೆ ಸುಮಾರು ಅದರ ಅರ್ಧ ಸಾಕಾಗುತ್ತದೆ. ಹಳೆಯ ಅಂಕಿಯನ್ನೇ ಉಳಿಸಿಕೊಂಡರೆ ಹೊಸ ಟೈರಿನ ಅಂಚುಗಳು ಬೇಗ ಸವೆಯುತ್ತವೆ.

ಅಳತೆ ಹೊಂದಿಸುವುದು

ರೇಡಿಯಲ್ ಬಗ್ಗೆ ಬರುವ ದೂರುಗಳಲ್ಲಿ ಬಹಳಷ್ಟು ಅಳತೆ ತಪ್ಪಿದ್ದರಿಂದ ಬಂದವು. ಹಳೆಯ ಬಯಾಸ್ ಪ್ಲೈ ಟೈರಿನ ಗೋಡೆಯ ಎತ್ತರ ಟೈರಿನ ಅಗಲದ ಸುಮಾರು ನೂರಕ್ಕೆ 95ರಷ್ಟು. ಅಂಬಾಸಿಡರಿನ 5.90-15ರಲ್ಲಿ ಅಗಲ 5.90 ಇಂಚು, ಅಂದರೆ ಸುಮಾರು 150 ಮಿಲಿಮೀಟರ್. ಲೆಕ್ಕ ಹಾಕಿದರೆ ಟೈರಿನ ಒಟ್ಟು ವ್ಯಾಸ ಸುಮಾರು 666 ಮಿಲಿಮೀಟರ್. 165/80 ಆರ್ 15ರಲ್ಲಿ 165 ಎಂಬುದು ಮಿಲಿಮೀಟರ್ ಲೆಕ್ಕದ ಅಗಲ, 80 ಎಂದರೆ ಗೋಡೆಯ ಎತ್ತರ ಅಗಲದ ನೂರಕ್ಕೆ 80, 15 ಎಂಬುದು ಇಂಚಿನ ಲೆಕ್ಕದಲ್ಲಿ ರಿಮ್ಮಿನ ವ್ಯಾಸ; ಅದರ ಒಟ್ಟು ವ್ಯಾಸ 645 ಮಿಲಿಮೀಟರ್. ಮೂರು ಶೇಕಡದಷ್ಟು ಚಿಕ್ಕದಾದ್ದರಿಂದ ಮೊದಲು ಸರಿಯಾಗಿ ತೋರಿಸುತ್ತಿದ್ದ ಸ್ಪೀಡೋಮೀಟರ್ 60 ತೋರಿಸುವಾಗ ಕಾರು ನಿಜವಾಗಿ 58ರಲ್ಲಿರುತ್ತದೆ, ಎಂಜಿನ್ ಸ್ವಲ್ಪ ಹೆಚ್ಚು ಸುತ್ತುತ್ತದೆ. ಇದು ಸಹಿಸಬಹುದಾದ ವ್ಯತ್ಯಾಸ. ಪದ್ಮಿನಿಯ 5.20-14ಕ್ಕೆ ಇದೇ ಲೆಕ್ಕದಲ್ಲಿ ಸುಮಾರು 607 ಮಿಲಿಮೀಟರ್ ಬರುತ್ತದೆ. 155/80 ಆರ್ 14ರ ವ್ಯಾಸ ಸುಮಾರು 604. ಇದಕ್ಕಿಂತ ಹತ್ತಿರದ ಜೋಡಿ ಬೇಕಿಲ್ಲ. ಅಂಗಡಿಯಲ್ಲಿ ಕೈಗೆ ಸಿಕ್ಕಿತೆಂದು 185 ಅಥವಾ 195 ಅಗಲದ, ಗಿಡ್ಡ ಗೋಡೆಯ ಟೈರನ್ನು ಹಾಕಿಸಿದರೆ ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ಪಾರ್ಕ್ ಮಾಡುವಾಗ ಮೈ ಬೆವರುತ್ತದೆ, ಚಕ್ರದ ಗೂಡು ಖಾಲಿಖಾಲಿಯಾಗಿ ಕಾಣುತ್ತದೆ, ರಿಮ್ಮಿಗೂ ಅದು ಹೊಂದುವುದಿಲ್ಲ. ನಿಮ್ಮ ರಿಮ್ಮಿನ ಅಗಲವನ್ನು ಒಳಂಚಿನಿಂದ ಒಳಂಚಿಗೆ ಅಳೆದು, ಆ ಅಗಲಕ್ಕೆ ಟೈರ್ ಕಂಪನಿಯ ಪಟ್ಟಿಯಲ್ಲಿ ಅನುಮತಿ ಇದೆಯೇ ಎಂದು ನೋಡಿಕೊಂಡೇ ದುಡ್ಡು ಕೊಡಿ. ಭಾರದ ಅಂಕಿಯನ್ನೂ ನೋಡಿ: ಟೈರಿನ ಮೇಲೆ 87 ಎಂದಿದ್ದರೆ ಒಂದು ಟೈರ್ 545 ಕಿಲೋ ಹೊರಬಲ್ಲದು.

ಎರಡನ್ನೂ ಬೆರೆಸಿದರೆ

ಕೆಲವು ವರ್ಷಗಳ ಹಿಂದೆ ನನ್ನ 1978ರ ಮಾರ್ಕ್ 3 ಅಂಬಾಸಿಡರಿನ ಮುಂದಿನ ಎರಡು ಟೈರ್ ಸವೆದಿದ್ದವು. ಅಂಗಡಿಯವರೊಬ್ಬರು ‘ಮುಂದೆ ರೇಡಿಯಲ್ ಹಾಕಿಸಿ, ಸ್ಟೀರಿಂಗ್ ಚೆನ್ನಾಗಿರುತ್ತೆ, ಹಿಂದಿನ ನೈಲಾನ್ ಇನ್ನೂ ಹೊಸದಿದೆ’ ಎಂದರು. ದುಡ್ಡು ಉಳಿಯಿತೆಂದು ನಾನೂ ಒಪ್ಪಿದೆ. ಅದೇ ತಿಂಗಳು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಸಣ್ಣ ಮಳೆ ಹಿಡಿಯಿತು. ವೇಗ ನಲವತ್ತನ್ನೂ ಮುಟ್ಟಿರಲಿಲ್ಲ. ಎಡ ತಿರುವಿನಲ್ಲಿ ಮುಂದಿನ ಚಕ್ರಗಳು ಹೇಳಿದ ಕಡೆಗೆ ತಿರುಗಿದವು. ಹಿಂಭಾಗ ಮಾತ್ರ ಬಾಗಿಲು ತೆರೆದುಕೊಂಡ ಹಾಗೆ ಬಲಕ್ಕೆ ಜಾರತೊಡಗಿತು. ಹಿಂದಿನ ಸೀಟಿನಲ್ಲಿದ್ದ ನನ್ನ ತಾಯಿ ಎದುರಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದದ್ದು ಕನ್ನಡಿಯಲ್ಲಿ ಕಂಡಿತು. ಎದುರಿಗೆ ಲಾರಿ ಇರಲಿಲ್ಲ, ಕಾರು ಅಡ್ಡಡ್ಡ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಮಂಗಳೂರು ತಲುಪಿದ ಮರುದಿನವೇ ಹಿಂದಿನ ಎರಡನ್ನೂ ಬದಲಿಸಿದೆ.

ಕಾರಣ ಸರಳವಾದದ್ದು. ಮುಂದೆ ಹಿಡಿತ ಹೆಚ್ಚು, ಹಿಂದೆ ಕಡಿಮೆ ಎಂದಾದರೆ ತಿರುವಿನಲ್ಲಿ ಬಾಲ ಮೊದಲು ಸೋಲುತ್ತದೆ. ಒಂದೇ ಆಕ್ಸಲಿನಲ್ಲಿ ಎರಡು ಬಗೆ ಎಂದೂ ಇರಬಾರದು. ಮುಂದೆ ರೇಡಿಯಲ್, ಹಿಂದೆ ಬಯಾಸ್ ಪ್ಲೈ ಎಂಬ ಜೋಡಣೆಯಂತೂ ಎಂದೆಂದೂ ಬೇಡ. ತೀರಾ ಅನಿವಾರ್ಯವಾದರೆ ರೇಡಿಯಲ್ ಹಿಂದಿರಬೇಕು, ಅದೂ ಮುಂದಿನ ಊರಿನ ಅಂಗಡಿ ತಲುಪುವವರೆಗೆ ಮಾತ್ರ. ಸ್ಟೆಪ್ನಿಗೂ ಇದೇ ನಿಯಮ. ಖರ್ಚಿನ ಲೆಕ್ಕವನ್ನು ನಾಲ್ಕು ಟೈರಿಗಲ್ಲ, ಐದಕ್ಕೆ ಹಾಕಿ.

ರೂಪ, ಲಭ್ಯತೆ, ಖರ್ಚು

ಬಯಾಸ್ ಪ್ಲೈ ಟೈರಿನ ನೇರ ಗೋಡೆ, ಎತ್ತರದ ಭುಜ, ಗೆರೆಗೆರೆಯಾದ ತಳ ಇವೆಲ್ಲ ಆ ಕಾಲದ ಕಾರಿನ ಮುಖಲಕ್ಷಣದ ಭಾಗ. ಪ್ರದರ್ಶನಗಳಲ್ಲಿ ತೀರ್ಪುಗಾರರು ಮೂಲ ರೂಪವನ್ನು ಅಳೆಯುವಾಗ ಟೈರನ್ನೂ ನೋಡುತ್ತಾರೆ. ಕಾನೂನಿನ ಭಯ ಮಾತ್ರ ಇಟ್ಟುಕೊಳ್ಳಬೇಕಿಲ್ಲ: ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮ ಚಾಸಿ, ಬಾಡಿ, ಎಂಜಿನ್ನುಗಳ ದೊಡ್ಡ ಮಾರ್ಪಾಡನ್ನು ಹೆಸರಿಸುತ್ತದೆ, ಟೈರಿನ ಬಗೆಯನ್ನಲ್ಲ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ ಎಂಬುದೂ ಅದೇ ನಿಯಮದಲ್ಲಿದೆ. ಅಂಥ ಕಾರಿಗೆ ಬಯಾಸ್ ಪ್ಲೈ ಉಳಿಸಿಕೊಂಡರೆ ಕಳೆದುಕೊಳ್ಳುವುದು ಕಡಿಮೆ.

ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಅಮೆರಿಕದ ಟೆನ್ನೆಸೀಯ ಕೋಕರ್ ಟೈರ್ ಕಂಪನಿ ಹಳೆಯ ಬಯಾಸ್ ಪ್ಲೈ ಟೈರಿನ ರೂಪವುಳ್ಳ ರೇಡಿಯಲ್‌ಗಳನ್ನು ಮಾರುತ್ತದೆ; ಹಳೆಯ ಯುರೋಪಿಯನ್ ಕಾರುಗಳಿಗಾಗಿ ಮಿಶೆಲಿನ್, ಪಿರೆಲ್ಲಿ ಕಂಪನಿಗಳು ತಮ್ಮ ಹಿಂದಿನ ಮಾದರಿಗಳನ್ನು ಮತ್ತೆ ತಯಾರಿಸುತ್ತವೆ. ಸಾಗಣೆ, ಸುಂಕ ಸೇರಿದರೆ ಇವು ಬಹಳ ದುಬಾರಿ. ಜಾಗ್ವಾರ್, ಮರ್ಸಿಡಿಸ್‌ನಂಥ ಕಾರಿಗೆ ಆ ಖರ್ಚು ನ್ಯಾಯವೆನಿಸಬಹುದು, ಪದ್ಮಿನಿಗೆ ನನಗೆ ಹಾಗೆನ್ನಿಸುವುದಿಲ್ಲ. ಟೈರಿನ ಪಕ್ಕದಲ್ಲಿ ಬಿಳಿ ಪಟ್ಟಿ ಬೇಕೆಂಬ ಆಸೆಗೆ ರಿಮ್ಮಿನ ಅಂಚಿಗೆ ಸಿಕ್ಕಿಸುವ ರಬ್ಬರ್ ಬಳೆಯನ್ನು ರೇಡಿಯಲ್ ಮೇಲೆ ಹಾಕಬೇಡಿ. ಬಾಗುವ ಗೋಡೆಯನ್ನು ಅದು ಉಜ್ಜಿ ಗಾಯ ಮಾಡುತ್ತದೆ.

ಹಳೆಯ ಅಳತೆಯ ನೈಲಾನ್ ಟೈರ್ ಕೆಲವು ಅಂಗಡಿಗಳ ಅಟ್ಟದ ಮೇಲೆ ‘ಹೊಸದು’ ಎಂದು ಸಿಗುತ್ತದೆ. ಬೆಲೆ ಕಡಿಮೆಯೆಂದು ಹಿಗ್ಗುವ ಮೊದಲು ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳ ತಯಾರಿಕೆಯ ಗುರುತನ್ನು ಹುಡುಕಿ: 3619 ಎಂದಿದ್ದರೆ 2019ರ 36ನೆಯ ವಾರ. ಹೆಬ್ಬೆರಳಿನಿಂದ ಗೋಡೆಯನ್ನು ಒತ್ತಿ ಬಾಗಿಸಿ ನೋಡಿ. ಒಣಗಿದ ಕೆರೆಯ ತಳದಂತೆ ಸಣ್ಣ ಬಿರುಕುಗಳು ತೆರೆದುಕೊಂಡರೆ ಅದು ಒಂದು ಕಿಲೋಮೀಟರ್ ಓಡದಿದ್ದರೂ ಹಳೆಯ ಟೈರೇ. ಆರು ವರ್ಷ ದಾಟಿದ್ದನ್ನು ನಾನು ಪುಕ್ಕಟೆ ಕೊಟ್ಟರೂ ಹೆದ್ದಾರಿಗೆ ಹಾಕುವುದಿಲ್ಲ. ನಿಮ್ಮ ಊರಿನಲ್ಲಿ ಹೊಸ ತಯಾರಿಕೆಯ ಬಯಾಸ್ ಪ್ಲೈ ಸಿಗದಿದ್ದರೆ, ಆಯ್ಕೆ ಅಲ್ಲಿಗೇ ರೇಡಿಯಲ್ ಕಡೆಗೆ ವಾಲುತ್ತದೆ.

ಯಾರಿಗೆ ಯಾವುದು

ತಿಂಗಳಿಗೊಮ್ಮೆಯಾದರೂ ಊರಿಂದೂರಿಗೆ ಹೋಗುವವರು, ಮಳೆಗಾಲದಲ್ಲೂ ಓಡಿಸುವವರು, ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯುವವರು ರಿಮ್ಮಿನ ಪರೀಕ್ಷೆ ಮಾಡಿಸಿ, ಮೇಲೆ ಹೇಳಿದ ಕಿರಿದಾದ ಅಳತೆಯ ಸಾಮಾನ್ಯ ರೇಡಿಯಲ್‌ಗಳನ್ನು ಟ್ಯೂಬಿನೊಡನೆ ಐದೂ ಒಟ್ಟಿಗೆ ಹಾಕಿಸಲಿ. ನನ್ನ ಸ್ಪಷ್ಟ ಅಭಿಪ್ರಾಯ ಇದೇ. ಭಾನುವಾರ ಬೆಳಿಗ್ಗೆ ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಿ ಗ್ಯಾರೇಜಿಗೆ ಸೇರುವ, ಪ್ರದರ್ಶನಕ್ಕೆ ಹೋಗುವ ಕಾರಿಗೆ ಹೊಸ ಬಯಾಸ್ ಪ್ಲೈ ಚಂದ. 60 ದಾಟಿಸದಿದ್ದರೆ ಅದರ ಚಂಚಲತೆ ಅಷ್ಟಾಗಿ ಕಾಡುವುದಿಲ್ಲ. ರಿಮ್ಮುಗಳ ಬಗ್ಗೆ ಅನುಮಾನವಿದ್ದು, ಬೇರೆ ರಿಮ್ ಹೊಂದಿಸುವಷ್ಟು ದುಡ್ಡು ಈಗ ಇಲ್ಲದವರು ರೇಡಿಯಲ್‌ಗೆ ಆತುರಪಡದೆ, ರಿಮ್ ಸರಿಹೋಗುವವರೆಗೆ ಕಾರನ್ನು ದೂರದ ಪಯಣಕ್ಕೆ ತೆಗೆಯದಿರಲಿ.

ರೇಡಿಯಲ್ ಹಾಕಿಸಿ ಹೊರಬಂದ ದಿನವೇ ಪಂಕ್ಚರ್ ಅಂಗಡಿಯ ಹುಡುಗ ‘ಗಾಳಿ ಕಡಿಮೆ ಇದೆ ಸಾರ್’ ಎಂದು 40 ತುಂಬಿಸಲು ಬರುತ್ತಾನೆ. ರೇಡಿಯಲ್‌ನ ಗೋಡೆ ಸರಿಯಾದ ಗಾಳಿಯಲ್ಲೂ ಸ್ವಲ್ಪ ಉಬ್ಬಿಯೇ ಕಾಣುತ್ತದೆ. ಕೈಪಿಡಿಯಲ್ಲಿ ಬಯಾಸ್ ಪ್ಲೈಗೆ 24 ಪಿಎಸ್‌ಐ ಎಂದಿದ್ದರೆ 28ರಿಂದ ಆರಂಭಿಸಿ. ಟೈರಿನ ತಳಕ್ಕೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು, ಒಣ ರಸ್ತೆಯಲ್ಲಿ ನೇರಕ್ಕೆ ಸ್ವಲ್ಪ ದೂರ ಓಡಿಸಿ ಇಳಿದು ನೋಡಿ: ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ, ಗೆರೆ ಉದ್ದಕ್ಕೂ ಸಮನಾಗಿ ಅಳಿಸಿದ್ದರೆ ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ವ್ಹೀಲ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.